ಖಾಕಿ ಹೊತ್ತ ಚರಗದ ಬುಟ್ಟಿ

ನನಗೆ ಒಂದು ಊರು ಕೊಟ್ಟರು. ಹೊಲ ಸಿಕ್ಕವರನ್ನು, ಸೈಟು ಸಿಕ್ಕವರನ್ನು ನೀವು ನೋಡಿರಬಹುದು. ನನಗೆ ಸಿಕ್ಕಿದ್ದು ಇಡೀ ಊರು. ಪೊಲೀಸ್ ಇಲಾಖೆಯ ಬೀಟ್ ವ್ಯವಸ್ಥೆಯಲ್ಲಿ ಒಬ್ಬೊಬ್ಬ ಕಾನ್‌ಸ್ಟೇಬಲ್‌ಗೆ ಒಂದೊಂದು ಹಳ್ಳಿ ಹಂಚುತ್ತಾರೆ. ಆ ಹಳ್ಳಿಯ ಒಳ್ಳೆಯದು ಕೆಟ್ಟದ್ದು ಮೊದಲು ಅವರ ಕಿವಿಗೆ ಬೀಳಬೇಕು ಎಂಬುದು ಲೆಕ್ಕ. ಆಳಂದ ತಾಲೂಕಿನಲ್ಲಿ, ನಿಂಬರ್ಗಾ ಕಡೆಯ ಒಂದು ಹಳ್ಳಿ ನನ್ನ ಪಾಲಿಗೆ ಬಂತು. ಸುದ್ದಿ ಕೇಳಿದ ನನ್ನ ಅತ್ತೆ, “ಹಂಗಾದ್ರ ನೀ ಆ ಊರ ಗೌಡ್ತಿ ಆದಿ ಬಿಡು” ಎಂದರು. ನಾನೂ ಒಳಗೊಳಗೇ ಹಾಗೆಯೇ ಅಂದುಕೊಂಡಿದ್ದೆ.

ಗೌಡ್ತಿಗೆ ಮೊದಲ ದಿನ ಸಿಕ್ಕ ಸ್ವಾಗತವೆಂದರೆ ಬಾಗಿಲ ಚಿಲಕಗಳ ಸದ್ದು. ಸ್ಕೂಟಿ ನಿಲ್ಲಿಸಿ ಓಣಿಯಲ್ಲಿ ಕಾಲಿಟ್ಟರೆ ಸಾಕು, ಒಂದಾದ ಮೇಲೊಂದು ಬಾಗಿಲು ಹಾಕಿಕೊಳ್ಳುತ್ತಿದ್ದವು. ಕಟ್ಟೆಯ ಮೇಲೆ ಕುಳಿತ ಗಂಡಸರು ಎಲ್ಲರಿಗೂ ಒಮ್ಮೆಲೇ ಹೊಲದ ಕೆಲಸ ನೆನಪಾದಂತೆ ಎದ್ದು ಹೋಗುತ್ತಿದ್ದರು. ಬಾಗಿಲಲ್ಲಿ ಸಿಕ್ಕಿಬಿದ್ದ ಒಬ್ಬ ಹೆಂಗಸು, ನಾನು ಬಾಯಿ ತೆರೆಯುವ ಮೊದಲೇ, “ಮನ್ಯಾಗ ಗಂಡಸರು ಯಾರೂ ಇಲ್ರಿ” ಎಂದಳು. ನಾನು ಗಂಡಸರನ್ನು ಕೇಳಿರಲೇ ಇಲ್ಲ. ನೀರಿನ ಟ್ಯಾಂಕಿನ ಹತ್ತಿರ ಹುಡುಗಿಯರಿಗೆ ಯಾರಾದರೂ ತೊಂದರೆ ಕೊಡುತ್ತಾರೆಯೇ ಎಂದು ಕೇಳಬೇಕಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವತ್ತು ಮನೆಗೆ ಬಂದು ಟೋಪಿಯನ್ನು ಮೇಜಿನ ಮೇಲೆ ಬಡಿದು, “ನನ್ನ ನೋಡಿದ್ರ ಹುಲಿ ನೋಡಿದಂಗ ಮಾಡತಾರ” ಎಂದು ಅತ್ತೆಯ ಮುಂದೆ ಕೂಗಾಡಿದೆ.

ಹಾಗೆ ನೋಡಿದರೆ ನನಗೆ ಆಶ್ಚರ್ಯವಾಗಬಾರದಿತ್ತು. ನಾನು ಬೆಳೆದದ್ದು ಜೇವರ್ಗಿಯಲ್ಲಿ, ಹೆದ್ದಾರಿ ಪಕ್ಕದ ಓಣಿಯಲ್ಲಿ. ಪೊಲೀಸ್ ಜೀಪು ನಮ್ಮ ಓಣಿಗೆ ತಿರುಗಿದರೆ ಅಜ್ಜಿ ನಮ್ಮನ್ನೆಲ್ಲ ಒಳಗೆಳೆದು ಕದ ಹಾಕುತ್ತಿದ್ದಳು. ನಾವು ಏನೂ ಮಾಡಿರುತ್ತಿರಲಿಲ್ಲ, ಜೀಪಿನವರೂ ಏನೂ ಮಾಡುತ್ತಿರಲಿಲ್ಲ. ನನಗೆ ನೌಕರಿ ಆದಾಗ ಪೇಢೆ ಬಾಯಿಗಿಟ್ಟುಕೊಂಡು ಅಜ್ಜಿ ಕೇಳಿದ ಮೊದಲ ಪ್ರಶ್ನೆ, “ಯಾರ್ಯಾರಿಗಿ ಹೊಡಿಬೇಕಾಗ್ತದವ್ವಾ?” ಎಂದು.

ಆದರೆ ನನ್ನ ಮೊದಲ ಪೋಸ್ಟಿಂಗ್ ಅಫಜಲಪುರ ತಾಲೂಕಿನಲ್ಲಾಯಿತು, ದತ್ತನ ಯಾತ್ರಾಸ್ಥಳ ಗಾಣಗಾಪುರದ ಬಂದೋಬಸ್ತೇ ಹೆಚ್ಚು. ಅಲ್ಲಿ ಖಾಕಿ ಕಂಡರೆ ಜನ ಓಡಿಹೋಗುವುದಿಲ್ಲ, ಓಡಿ ಬರುತ್ತಾರೆ. ಸಂಗಮಕ್ಕೆ ದಾರಿ ಯಾವುದು, ಲಾಡ್ಜು ಎಲ್ಲಿ ಖಾಲಿ ಇದೆ, ಚಪ್ಪಲಿ ಕಳೆದಿವೆ, ಅವ್ವ ಗದ್ದಲದಲ್ಲಿ ತಪ್ಪಿಸಿಕೊಂಡಿದ್ದಾಳೆ. ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ದಿನವಿಡೀ ಕೇಳುತ್ತಿದ್ದರು. ತಪ್ಪಿಸಿಕೊಂಡ ಅವ್ವಂದಿರನ್ನು ಕೈ ಹಿಡಿದು ಕರೆದುತಂದು ಮಕ್ಕಳಿಗೆ ಒಪ್ಪಿಸಿ, ಕಾಲಿಗೆ ಬಿದ್ದವರನ್ನು ಎಬ್ಬಿಸಿ, ನಾನು ಭೀಮಾ ನದಿಯಷ್ಟೇ ಉಬ್ಬಿದ್ದೆ. ಜನ ನಮ್ಮನ್ನು ಪ್ರೀತಿಸುತ್ತಾರೆ ಎಂದು ನಂಬಿಕೊಂಡೇ ಆಳಂದ ಕಡೆಗೆ ವರ್ಗವಾಗಿ ಬಂದಿದ್ದೆ. ಯಾತ್ರೆಗೆ ಬಂದವನಿಗೆ ಪೊಲೀಸಿನವಳು ಒಂದು ದಿನದ ಗುರುತು. ಊರಿನವರಿಗೆ ಹಾಗಲ್ಲ. ನನ್ನ ಎದುರು ಇವತ್ತು ಆಡಿದ ಮಾತಿನ ಜೊತೆ ಅವರು ನಾಳೆಯೂ ಅದೇ ಓಣಿಯಲ್ಲಿ ಬಾಳಬೇಕು.

ಇದರ ಮೇಲೆ ಇನ್ನೊಂದು ತೊಡಕು. ನಮ್ಮ ಠಾಣೆಯ ಸಾಹೇಬರು ಮೈಸೂರು ಕಡೆಯವರು, ಕೈ ಬಾಯಿ ಶುದ್ಧ ಇದ್ದ ಮನುಷ್ಯ. ಅವರು ಬಂದ ಹೊಸದರಲ್ಲೇ ಒಂದು ಹುಕುಂ ಮಾಡಿದ್ದರು: ಬೀಟಿಗೆ ಹೋದವರು ಹಳ್ಳಿಯಲ್ಲಿ ಯಾರ ಮನೆಯಲ್ಲೂ ಒಂದು ಕಪ್ ಚಹಾ ಕೂಡ ಮುಟ್ಟಬಾರದು. ಚಹಾದಿಂದಲೇ ಎಲ್ಲ ಶುರುವಾಗುತ್ತದೆ ಎಂಬುದು ಅವರ ವಾದ. ವಾದ ಸುಳ್ಳಲ್ಲ. ಆದರೆ ನಮ್ಮ ಕಡೆ ಮನೆಗೆ ಬಂದವರು ಚಹಾ ಬೇಡ ಎಂದರೆ ಅದಕ್ಕೆ ಬೇರೆಯದೇ ಅರ್ಥ. ಒಂದೋ ಜಗಳ ಮಾಡಲು ಬಂದಿದ್ದಾರೆ, ಇಲ್ಲವೇ ಆ ಮನೆಯವರನ್ನು ತಮ್ಮ ಸಮಕ್ಕೆ ಎಣಿಸಿಲ್ಲ. ನಾನು ಕೈ ಮುಗಿದು “ಬ್ಯಾಡ್ರಿ” ಎಂದಾಗಲೆಲ್ಲ ಕಟ್ಟೆಯ ಮೇಲೆ ಕಪ್ಪಿನಲ್ಲಿ ಚಹಾ ಆರುತ್ತಿತ್ತು, ಮನೆಯವರ ಮುಖವೂ ಹಾಗೆಯೇ. “ಕೇಸ್ ಮಾಡೋರು ಮನೀ ಚಾ ಹ್ಯಾಂಗ ಕುಡೀತಾರ ಬಿಡ್ರಿ” ಎಂದು ಒಬ್ಬರು ನನ್ನ ಬೆನ್ನ ಹಿಂದೆ ಹೇಳಿದ್ದು ಕಿವಿಗೆ ಬಿತ್ತು. ಸಾಹೇಬರು ನಮ್ಮ ಹೆಸರು ಕೆಡದಿರಲೆಂದು ಹಾಕಿದ ಬೇಲಿ, ಊರಿನವರು ಒಳಗೆ ಬರದ ಹಾಗೆ ಮಾಡಿತ್ತು.

ಹೀಗಿರುವಾಗ, ತೊಗರಿ ಕೊಯ್ಲಿನ ದಿನಗಳಲ್ಲಿ, ಹೊಲಗಳ ಕಡೆ ತಿರುಗಲು ಹೋದವಳಿಗೆ ಒಂದು ಬಂಡಿ ದಾರಿಯ ಮೇಲೆ ಅಡ್ಡಲಾಗಿ ಜಾಲಿ ಮುಳ್ಳಿನ ಕಂಟಿ ಒಟ್ಟಿದ್ದು ಕಂಡಿತು. ದಾರಿ ನಿಚ್ಚಳವಾಗಿತ್ತು, ಬಂಡಿಯ ಗಾಲಿಗಳು ತಲೆಮಾರುಗಳಿಂದ ಕೊರೆದ ಎರಡು ತಗ್ಗು, ನಡುವೆ ಹುಲ್ಲು. ಕಂಟಿಯಾಚೆ ಒಂದು ತುಂಡು ಹೊಲ, ಅದರಲ್ಲಿ ಕೊಯ್ದು ಒಟ್ಟಿದ ತೊಗರಿಯ ದೊಡ್ಡ ಗೂಡು. ದಾರಿಯಲ್ಲಿ ಸಿಕ್ಕವನೊಬ್ಬನನ್ನು ಯಾಕೆ ಹೀಗೆ ಎಂದು ಕೇಳಿದೆ. “ಗೊತ್ತಿಲ್ರಿ. ಯಾರ ಹೊಲ ಅನ್ನೋದೂ ಗೊತ್ತಿಲ್ರಿ” ಎಂದ. ಅವನ ಹೊಲ ಅದರ ಪಕ್ಕದಲ್ಲೇ ಇತ್ತು.

ಗೂಡಿನ ನೆರಳಿನಲ್ಲಿ ಕುಳಿತಿದ್ದ ಹೆಂಗಸು ಹೊಲದ ಒಡತಿ. ಗಂಡ ತೀರಿಕೊಂಡು ವರ್ಷ ತುಂಬಿರಲಿಲ್ಲ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ಗಂಡನಿಲ್ಲದೆ ತಾನೇ ನಿಂತು ಬೆಳೆದ ಮೊದಲ ತೊಗರಿ ಅದು. ಕಂಟಿ ಹಾಕಿದವನು ಗಂಡನ ಚಿಕ್ಕಪ್ಪನ ಮಗ, ಆಕೆಗೆ ಭಾವ. ದಾರಿ ಹಾಯುವುದು ಅವನ ಹೊಲದ ಅಂಚಿನಲ್ಲಿ. ಕಾಯಿಯಿಂದ ಕಾಳು ಬಿಡಿಸುವ ರಾಶಿ ಮಷೀನು ಬಂದು ಕಂಟಿ ನೋಡಿ ಹೊರಳಿ ಹೋಗಿತ್ತು. ಇನ್ನೊಂದು ಕಡೆ ಹಳ್ಳ. ಮನುಷ್ಯರು ಇಳಿದು ಹತ್ತಬಹುದು, ಮಷೀನು ಆಗದು. ತಲೆಹೊರೆಯಲ್ಲಿ ಹೊರೋಣವೆಂದರೆ ಒಣಗಿದ ಕಾಯಿ ಸಿಡಿದು ಅರ್ಧ ತೊಗರಿ ಹಳ್ಳದ ಪಾಲು. ಮೇಲೆ ನೋಡಿದರೆ ಎರಡು ದಿನಗಳಿಂದ ಮೋಡ. ಒಂದು ಮಳೆ ಬಿದ್ದರೆ ಗೂಡಿನೊಳಗೇ ಕಾಳು ಕಪ್ಪಾಗಿ ಮೊಳಕೆ ಒಡೆಯುತ್ತದೆ.

“ಠಾಣಾಕ್ಕ ಬಂದು ಒಂದು ಅರ್ಜಿ ಕೊಡ್ರಿ” ಎಂದೆ.

“ಕೇಸ್ ಬ್ಯಾಡ್ರಿ ಬಾಯಾರ. ನಾ ಈ ಊರಾಗೇ ಇರಬೇಕು, ನನ್ನ ಹುಡುಗ್ಯಾರ ಲಗ್ನ ಇದೇ ಮಂದಿ ನಿಂತು ಮಾಡಬೇಕು” ಎಂದಳು. “ನನಗ ದಾರಿ ಬೇಕು, ಅಷ್ಟೇ.”

ಠಾಣೆಗೆ ಬಂದು ಸಾಹೇಬರಿಗೆ ಹೇಳಿದೆ. ಹೊಲದ ದಾರಿಯ ತಕರಾರು ತಹಸೀಲ್ದಾರರಿಗೆ ಸೇರಿದ್ದು ಎಂದರು. ಆಕೆ ಅಲ್ಲಿ ಅರ್ಜಿ ಕೊಟ್ಟೂ ಇದ್ದಳು. ಅಲ್ಲಿಂದ ಬಂದವರು ದಾರಿ ಮೊದಲಿನಿಂದ ಇತ್ತೇ ಎಂದು ಊರಿನವರನ್ನು ಕೇಳಿದ್ದರು. ಊರೆಲ್ಲ ಬಾಯಿಗೆ ಬೀಗ. ಸಾಕ್ಷಿ ಹೇಳಿದವನು ಆಳಂದದ ಕಚೇರಿಗೆ ಅಲೆಯಬೇಕು, ಜೊತೆಗೆ ಒಬ್ಬನ ದ್ವೇಷ ಕಟ್ಟಿಕೊಳ್ಳಬೇಕು ಎಂಬ ಭಯ. ನಾನು ಭಾವನ ಮನೆಗೂ ಹೋದೆ. ರಾಕ್ಷಸನೇನಲ್ಲ ಆ ಮನುಷ್ಯ. ಹಿಂದೊಮ್ಮೆ ಆಕೆಯ ಮನೆಯವರ ಟ್ರ್ಯಾಕ್ಟರು ತಿರುಗುವಾಗ ಅವನ ಜೋಳದ ಸಾಲು ತುಳಿದಿತ್ತಂತೆ, ಆಕೆಯ ಗಂಡನ ಜೊತೆ ಮಾತಿಗೆ ಮಾತು ಬೆಳೆದಿತ್ತಂತೆ. ಗಂಡ ಹೋದ, ಸಿಟ್ಟು ಮಾತ್ರ ಉಳಿಯಿತು.

“ಅಲ್ಲಿ ದಾರೀನೇ ಇದ್ದಿಲ್ರಿ” ಎಂದ ಅವನು, ನನ್ನ ಕಣ್ಣು ತಪ್ಪಿಸಿ. “ಇತ್ತಂತ ಊರಾಗ ಒಬ್ಬರರ ನಿಮ್ಮ ಮುಂದ ಹೇಳಲಿ, ನಾನೇ ಕೈಯಾರ ಕಂಟಿ ತೆಗಿತೇನಿ.”

ಖಾಕಿಯ ಎದುರು ಆ ಊರಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ನನಗೂ ಗೊತ್ತಿತ್ತು. ಅದೇ ನನ್ನ ಹೊಟ್ಟೆ ಉರಿಸಿದ್ದು. ಆ ಹೆಂಗಸಿನ ತೊಗರಿ ಉಳಿಯಬೇಕಾದರೆ ಒಬ್ಬರು, ಬರೀ ಒಬ್ಬರು, ನನ್ನನ್ನು ನಂಬಿ ಕಂಡದ್ದನ್ನು ಹೇಳಬೇಕಿತ್ತು.

ಎಳ್ಳ ಅಮಾವಾಸ್ಯೆ ಹತ್ತಿರ ಬಂದಿತ್ತು. ನಮ್ಮ ಕಡೆ ಆ ದಿನ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಬುಟ್ಟಿ ತುಂಬ ಅಡುಗೆ ಹೊತ್ತು, ಭೂಮಿತಾಯಿಗೆ ಎಡೆ ಮಾಡಿ, ಎಡೆಯ ಅಡುಗೆಯನ್ನೇ ಚರಗವೆಂದು ಪೈರಿನ ಮೇಲೆಲ್ಲ ಚೆಲ್ಲಿ, ಅಲ್ಲೇ ಕುಳಿತು ಉಣ್ಣುವುದು. ಆ ದಿನ ಹೊಲದಲ್ಲಿ ಯಾರೂ ತಮ್ಮಷ್ಟಕ್ಕೆ ತಾವೇ ಉಣ್ಣುವುದಿಲ್ಲ. ದಾರಿಯಲ್ಲಿ ಹೋಗುವವರನ್ನು ಕರೆದು ಕೂರಿಸುತ್ತಾರೆ, ಈ ಹೊಲದ ಭಜ್ಜಿ ಆ ಹೊಲಕ್ಕೆ, ಆ ಹೊಲದ ಕಡುಬು ಈ ಹೊಲಕ್ಕೆ. ಕರೆದಾಗ ಹೋಗದಿದ್ದರೆ ಅದು ದೊಡ್ಡ ಅವಮಾನ.

ಆ ತೊಗರಿ ಹೊಲದ ಒಡತಿ ನನ್ನನ್ನೂ ಕರೆದಳು. “ಅಮವಾಸಿಗಿ ನಮ್ಮ ಹೊಲಕ್ಕ ಊಟಕ್ಕ ಬರ್ರಿ ಬಾಯಾರ” ಎಂದವಳು ಮರುಗಳಿಗೆಯೇ, “ನೀವು ಬರಂಗಿಲ್ಲ ಬಿಡ್ರಿ. ನಿಮಗ ನಮ್ಮ ನೀರೂ ನಡಿಯಂಗಿಲ್ಲ” ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ಅದನ್ನು ನನಗೆ ಅನುಕೂಲ ಮಾಡಿಕೊಡುವ ಹಾಗೆ, ಮೆಲ್ಲಗೆ ಹೇಳಿದ್ದಳು. ನನ್ನ ಬಾಯಿಂದ “ಬರ್ತೇನಿ” ಎಂದು ಬಂದೇಬಿಟ್ಟಿತು. ಹುಕುಂ ನೆನಪಾದದ್ದು ಅರ್ಧ ದಾರಿಗೆ ಬಂದ ಮೇಲೆ.

ಸಾಹೇಬರ ಮುಂದೆ ಹೋಗಿ ನಿಂತೆ. “ಅಮಾವಾಸ್ಯೆ ದಿನ ಹಬ್ಬನಾ?” ಎಂದು ಅವರಿಗೆ ಆಶ್ಚರ್ಯ. ನಾನು ಚರಗದಿಂದ ಹಿಡಿದು ಭಜ್ಜಿಯವರೆಗೆ ಎಲ್ಲ ವಿವರಿಸಿದೆ. ಅವರು ಪೇಪರಿನಿಂದ ತಲೆ ಎತ್ತದೆ, “ಒಬ್ಬರ ಕಡೆ ಊಟ ಮಾಡಿದ್ರೆ ನಾಳೆ ಅವರ ಪರ ಅಂತಾರಮ್ಮ. ಚಹಾನೇ ಬೇಡ ಅಂದೋನು ಊಟಕ್ಕೆ ಹೆಂಗೆ ಹೂಂ ಅನ್ನಲಿ?” ಎಂದರು.

ನನಗೆ ತಲೆ ಕೆಟ್ಟಿತು. ಆ ಸಿಟ್ಟಿನಲ್ಲೇ ಒಂದು ಬುದ್ಧಿ ಹೊಳೆಯಿತು. “ಸರ್, ತಗೋಬಾರದು ಅಂತ ನಿಮ್ಮ ಹುಕುಂ ಅದ. ಕೊಡಬಾರದು ಅಂತ ಇಲ್ಲಲ್ರಿ? ನಾನೇ ನಮ್ಮ ಮನೀದು ಬುಟ್ಟಿ ತುಂಬಿ ಒಯ್ತೇನಿ. ಊರ ಮಂದಿಗೆಲ್ಲ ನೀಡತೇನಿ, ಆ ಭಾವಗೂ ನೀಡತೇನಿ. ಅವರು ತಿರುಗಿ ನೀಡಿದ್ದು ಉಣ್ತೇನಿ. ಕೊಟ್ಟು ತಗೊಂಡ್ರ ಅದು ಪುಕ್ಕಟ ಆಗಂಗಿಲ್ಲ.”

ಸಾಹೇಬರು ಪೇಪರು ಕೆಳಗಿಟ್ಟರು. ನನ್ನನ್ನು ನೋಡಿದರು, ಕಿಟಕಿ ಕಡೆ ನೋಡಿದರು, ಆಮೇಲೆ ನಕ್ಕರು. “ತಗೊಂಡಿದ್ದಕ್ಕಿಂತ ಕೊಟ್ಟಿದ್ದು ಜಾಸ್ತಿ ಇರಬೇಕು. ಯೂನಿಫಾರ್ಮಲ್ಲೇ ಹೋಗು, ಕದ್ದು ಹೋದ ಹಾಗೆ ಆಗಬಾರದು” ಎಂದರು. ನಾನು ಸೆಲ್ಯೂಟು ಹೊಡೆದು ಬಾಗಿಲು ದಾಟುವಾಗ, “ನನಗೂ ಒಂದು ರೊಟ್ಟಿ ತಂದಿಡು” ಎಂದರು.

ಅತ್ತೆಗೆ ಹುರುಪು ನನಗಿಂತ ಹೆಚ್ಚು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹಸಿ ಕಾಳು ಸೊಪ್ಪು ಎಲ್ಲ ಕೂಡಿಸಿ ಮಾಡುವ ಭಜ್ಜಿ, ಶೇಂಗಾ ಹಿಂಡಿ, ಕಡುಬು, ಗಡಿಗೆಯಲ್ಲಿ ಅಂಬಲಿ. “ಪೊಲೀಸರ ಮನೀ ಅಡಗಿ ಸಪ್ಪಗದ ಅಂತ ಅನಿಸ್ಕೋಬಾರದು” ಎಂದು ಖಾರ ಎರಡು ಸಲ ನೋಡಿದರು. ಊರ ಬಾಯಿಗೆ ಸ್ಕೂಟಿ ನಿಲ್ಲಿಸಿ, ಟೋಪಿ ತೆಗೆದು ಡಿಕ್ಕಿಯಲ್ಲಿಟ್ಟು, ಸಿಂಬಿ ಸುತ್ತಿ ಬುಟ್ಟಿ ತಲೆಯ ಮೇಲೆ ಹೊತ್ತೆ. ಮೈ ಮೇಲೆ ಖಾಕಿ, ಸೊಂಟಕ್ಕೆ ಬೆಲ್ಟು, ತಲೆಯ ಮೇಲೆ ಚರಗದ ಬುಟ್ಟಿ. ಹೆಂಗೆ ಕಾಣುತ್ತಿದ್ದೆನೋ ದೇವರೇ ಬಲ್ಲ.

ಅವತ್ತು ಒಂದು ಚಿಲಕವೂ ಬೀಳಲಿಲ್ಲ. ಹಾಕಿದ ಬಾಗಿಲುಗಳೂ ತೆರೆದವು. ಹೆಂಗಸರು ಬಾಯಿಗೆ ಸೆರಗು ಒತ್ತಿ ನಕ್ಕರು, ಮಕ್ಕಳು ಹಿಂದೆ ಬಿದ್ದವು. ತಾನೂ ಒಂದು ಸಣ್ಣ ಬುಟ್ಟಿ ಹೊತ್ತು ನಿಧಾನ ನಡೆಯುತ್ತಿದ್ದ ಮುದುಕಿಯೊಬ್ಬಳು ನನ್ನನ್ನು ಅಡ್ಡಗಟ್ಟಿ, “ಏನ್ ಬೇ, ಬುಟ್ಟ್ಯಾಗ ಏನೇನು ತಂದೀದಿ?” ಎಂದು ಕೇಳಿದಳು. ಆ ಊರಿನಲ್ಲಿ ನನ್ನನ್ನು ಮೊದಲ ಬಾರಿಗೆ ಯಾರೋ ಮನೆಮಗಳನ್ನು ಕರೆಯುವ ಹಾಗೆ ‘ಬೇ’ ಎಂದಿದ್ದರು. ಪ್ರಮೋಷನ್ ಸಿಕ್ಕಿದ್ದರೂ ಅಷ್ಟು ಖುಷಿಯಾಗುತ್ತಿರಲಿಲ್ಲ. ಬುಟ್ಟಿ ಇಳಿಸಿ, ರೊಟ್ಟಿಯ ಮೇಲೆ ಭಜ್ಜಿ ಹಾಕಿ ಕೊಟ್ಟೆ. ನಾಲಿಗೆ ಚಪ್ಪರಿಸಿ, “ಉಪ್ಪು ಜರಾ ಕಡಿಮಿ ಅದ” ಎಂದಳು. ಹಾಗೆನ್ನುತ್ತಲೇ ಅಷ್ಟನ್ನೂ ಮುಗಿಸಿದಳು. ಆಮೇಲೆ ನನ್ನ ಜೊತೆಯಲ್ಲೇ ಹೆಜ್ಜೆ ಹಾಕಿದಳು. ಅವರವರ ಹೊಲಕ್ಕೆ ಹೊರಟಿದ್ದವರೂ ಏನಾಗುತ್ತದೋ ನೋಡೋಣವೆಂದು ನಮ್ಮ ಹಿಂದೆ ಬಂದರು.

ಕಂಟಿಯ ಹತ್ತಿರ ಬಂದು ನಿಂತೆವು. ಆಚೆ ಆ ಹೆಂಗಸು ತನ್ನ ಹೆಣ್ಣುಮಕ್ಕಳ ಜೊತೆ ಎಡೆ ಹಿಡಿದು ನಿಂತಿದ್ದಳು. ಅವರು ಹಳ್ಳ ಇಳಿದು ಹತ್ತಿ ಬಂದಿದ್ದರು, ಲಂಗದ ಅಂಚೆಲ್ಲ ಕೆಸರು. ಈಚೆ ತನ್ನ ಹೊಲದಲ್ಲಿ ಭಾವ, ಅವನ ಮನೆಮಂದಿ. ಕಂಟಿಗೆ ನಾನು ಕೈ ಹಚ್ಚುವ ಹಾಗಿರಲಿಲ್ಲ; ಹಚ್ಚಿದರೆ ಅದು ಪೊಲೀಸರ ಜಬರ್ದಸ್ತಿ ಆಗುತ್ತಿತ್ತು. ಬುಟ್ಟಿ ಇಳಿಸಿ, ಅವನಿಗೇ ಕೂಗಿ ಹೇಳಿದೆ: “ಅಣ್ಣಾರ, ಆಚೀ ಹೊಲದಾಗ ಊಟಕ್ಕ ಕುಂದ್ರತೇವಿ. ನೀವೂ ಬರ್ರಿ. ನಮ್ಮ ಅತ್ತಿ ಮಾಡಿದ ಭಜ್ಜಿ ಅದ.”

ಎಳ್ಳ ಅಮಾವಾಸ್ಯೆಯ ದಿನ ಕರೆದ ಊಟ. ಒಲ್ಲೆ ಎನ್ನುವ ಹಾಗಿಲ್ಲ. ಬರಬೇಕೆಂದರೆ ತಾನೇ ಹಾಕಿದ ಕಂಟಿ ಅಡ್ಡ. ಅವನು ನನ್ನನ್ನು ಬಿಟ್ಟು ನನ್ನ ಪಕ್ಕದ ಮುದುಕಿಯನ್ನು ನೋಡಿ, “ಅವ್ವಾ, ನೀ ಯಾಕ ಆ ಕಡಿ ನಿಂತಿ?” ಎಂದ. ಆಗಲೇ ನನಗೆ ಗೊತ್ತಾದದ್ದು, ಉಪ್ಪು ಕಡಿಮೆ ಎಂದವಳು ಅವನ ತಾಯಿ ಎಂದು.

ಮುದುಕಿ ಬುಟ್ಟಿ ಇಳಿಸಲಿಲ್ಲ. ತಲೆಯ ಮೇಲೆ ಹೊತ್ತುಕೊಂಡೇ ಮಾತಾಡಿದಳು. “ನಾ ಈ ಊರಿಗಿ ಲಗ್ನಾಗಿ ಬಂದ ವರ್ಷ ಇದೇ ದಾರಿಲೇ ಚರಗದ ಬಂಡಿ ಹೋಗಿತ್ತು. ನಿಮ್ಮಪ್ಪ ಹೊಡದಿದ್ದ ಬಂಡಿ. ನಾ ಮ್ಯಾಲ ಕುಂತಿದ್ದೆ. ಭೂಮ್ತಾಯಿ ಉಣ್ಣೋ ದಿನ ನೀ ಮುಳ್ಳು ಹಾಕಿ ಕುಂತೀದಿ. ಪೊಲೀಸ್ ಬಾಯಾರ, ಬರಕೋಬೇಕಾದ್ರ ಬರಕೊಳ್ರಿ, ನಾ ಹೆಬ್ಬೆಟ್ಟು ಒತ್ತತೇನಿ.”

ನನ್ನ ಕೈಯಲ್ಲಿ ಪೆನ್ನಿರಲಿಲ್ಲ, ಭಜ್ಜಿಯ ಸೌಟಿತ್ತು. ಯಾರೂ ಹೇಳಲಾರರು ಎಂದುಕೊಂಡಿದ್ದ ಮಾತನ್ನು ಅವನ ಹೆತ್ತ ತಾಯಿ ಖಾಕಿಯ ಎದುರು, ಊರಿನೆದುರು ಹೇಳಿದ್ದಳು. ಆಮೇಲೆ ಹಿಂದಿನಿಂದ ಒಬ್ಬರು, “ಖರೇ ಅದ್ರಿ, ನಮ್ಮ ಬಂಡೀನೂ ಇಲ್ಲೇ ಹಾಯ್ತಿತ್ತು” ಎಂದರು. ಇನ್ನೊಬ್ಬರು ತಮ್ಮ ಎತ್ತು ಇದೇ ತಗ್ಗಿನಲ್ಲಿ ಮುಗ್ಗರಿಸಿದ್ದನ್ನು ಹೇಳಿದರು. ಯಾರ ಹೊಲವೋ ಗೊತ್ತಿಲ್ಲ ಎಂದಿದ್ದ ಆ ಪಕ್ಕದ ಹೊಲದವನಂತೂ ಈಗ ದಾರಿಯ ಉದ್ದಗಲ, ತಿರುವು, ಎಲ್ಲಿ ಬನ್ನಿ ಗಿಡ ಇತ್ತು ಎಂಬುದನ್ನೆಲ್ಲ ಒಪ್ಪಿಸತೊಡಗಿದ. ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡೆ. ನನ್ನ ಜೀವಮಾನದಲ್ಲಿ ನಾನು ತೋರಿದ ಅತಿ ದೊಡ್ಡ ಸಂಯಮ ಅದು.

ಭಾವ ಎದ್ದು ಬಂದ. ಯಾರ ಮುಖವನ್ನೂ ನೋಡದೆ ಬಗ್ಗಿ ಕಂಟಿ ಎಳೆದು ಎಳೆದು ಬದುವಿನ ಮೇಲೆ ಎಸೆದ. ಹೆಬ್ಬೆರಳಿಗೆ ಮುಳ್ಳು ಮುರಿದುಕೊಂಡಿತು. ಆ ಹೆಂಗಸು ಮುಂದೆ ಬಂದು, ಸೆರಗಿನ ಪಿನ್ನು ಬಿಚ್ಚಿ ಅವನ ಕೈಗೆ ಕೊಟ್ಟಳು. “ತಕ್ಕೋರಿ ಭಾವ, ಒಳಗ ಉಳದ್ರ ಕೀವಾಗ್ತದ” ಎಂದಳು. ಅವನು ಮುಳ್ಳು ಕಿತ್ತುಕೊಂಡು, ಪಿನ್ನು ಒರೆಸಿ ತಿರುಗಿ ಕೊಟ್ಟ. ಇಬ್ಬರ ನಡುವೆ ಅವತ್ತು ನಡೆದ ಮಾತುಕತೆ ಅಷ್ಟೇ.

ಊಟ ಮಾತ್ರ ಮಧ್ಯಾಹ್ನವೆಲ್ಲ ನಡೆಯಿತು. ನನ್ನ ಬುಟ್ಟಿ ಬರಿದಾಯಿತು, ಊರಿನವರು ಮತ್ತೆ ತುಂಬಿದರು, ಸಾಹೇಬರ ಹುಕುಂ ನೆನೆದು ನಾನು ಮತ್ತೆ ಹಂಚಿದೆ. ಅವರಿಗಾಗಿ ಒಂದು ರೊಟ್ಟಿಯನ್ನಷ್ಟೇ ಕಟ್ಟಿಕೊಂಡೆ. ಟ್ಯಾಂಕಿನ ಹತ್ತಿರ ಸಂಜೆ ಬೈಕು ನಿಲ್ಲಿಸಿ ಹುಡುಗಿಯರನ್ನು ಕಾಡುವವರ ವಿಷಯ, ಇಷ್ಟು ದಿನ ಕೇಳಿ ಕೇಳಿ ಸಿಗದಿದ್ದದ್ದು, ಕಡುಬು ಮುರಿಯುತ್ತ ಕುಳಿತ ಹೆಂಗಸರ ಬಾಯಿಂದ ತಾನಾಗಿಯೇ ಬಂತು. ಮರುದಿನ ಸುದ್ದಿ ತಿಳಿದು ತಹಸೀಲ್ದಾರರ ಕಚೇರಿಯವರು ಮತ್ತೆ ಬಂದಾಗ ಸಾಕ್ಷಿ ಹೇಳಲು ಜನ ಸಾಲುಗಟ್ಟಿದರು. ಮೊದಲ ಹೆಬ್ಬೆಟ್ಟು ಮುದುಕಿಯದು.

ಮಷೀನು ಬಂದ ದಿನವೂ ಮೋಡ ಇತ್ತು, ಆದರೆ ಹನಿ ಬಿದ್ದಿರಲಿಲ್ಲ. ಬಂದೋಬಸ್ತಿಗೆಂದು ನಾನು ಹೋಗಿದ್ದೆ, ಬೇಕಾಗಲಿಲ್ಲ. ಹಿಂದಿನ ಸಲ ಹೊರಳಿ ಹೋಗಿದ್ದ ಡ್ರೈವರನೇ ಈ ಸಲವೂ ಬಂದಿದ್ದ. ದಾರಿಯ ಬಾಯಿಗೆ ಬಂದು ಗಾಡಿ ನಿಲ್ಲಿಸಿ, ನನ್ನ ಕಡೆ ಒಮ್ಮೆ ನೋಡಿ, ಜೋಳದ ಹೊಲದಲ್ಲಿ ನಿಂತಿದ್ದ ಭಾವನನ್ನು ಕೂಗಿ ಕೇಳಿದ, “ಹೋಗ್ಲೇನ್ರಿ ಗೌಡ್ರ?”

“ನಡಿ ಲೇ” ಎಂದ ಅವನು. “ಅಕೀ ದಾರಿ ಅದ. ನನ್ನ ಏನ್ ಕೇಳತಿ?”

ಊರೆಲ್ಲ ಕೇಳುವ ಹಾಗೆ ಹೇಳಿದ. ಗೂಡಿನ ಹತ್ತಿರ ನಿಂತಿದ್ದ ಆಕೆಗೂ ಕೇಳಿಸಿತು. ಮಷೀನು ತಗ್ಗಿನಲ್ಲಿ ಓಲಾಡುತ್ತ ಹೊಲದೊಳಗೆ ಬಂದು ನಿಂತಿತು. ಆಕೆ ಸೆರಗು ಬಿಗಿದು ಕಟ್ಟಿಕೊಂಡಳು, ಕೂಲಿಯವರು ಕೈ ಹಚ್ಚುವ ಮೊದಲೇ ತಾನು ಬೆಳೆದ ತೊಗರಿಯ ಮೊದಲ ಹೊರೆಯನ್ನು ಎದೆಗವಚಿ ಎತ್ತಿ, ಮಷೀನಿನ ಬಾಯಿಗೆ ಹಾಕಿದಳು.